ಮೊಂಡು ಬೆರಳಿಗೆ ಒಗ್ಗಿದ ಫೋನು

ಬ್ಯಾಟರಿ ಮುಗಿದುಹೋಗಬಹುದಿತ್ತು. ಅದೂ ನೇರವಾಗಿ ಮುಗಿಯದೆ, ಒಂದು ಕಡ್ಡಿ ಉಳಿಸಿಕೊಂಡು ಆಸೆ ಹುಟ್ಟಿಸಿ, ಮೆಸೇಜ್ ಕಳಿಸುವ ಗುಂಡಿ ಒತ್ತಿದ ಗಳಿಗೆಯಲ್ಲೇ ಕಣ್ಣು ಮುಚ್ಚಬಹುದಿತ್ತು. ಫೋನು ಹ್ಯಾಂಗ್ ಆಗಿ, ಪರದೆಯ ಮೇಲಿನ ಮರಳು ಗಡಿಯಾರ ತಿರುಗುತ್ತಾ ತಿರುಗುತ್ತಾ ಹೊಸೂರು ರಸ್ತೆಯೇ ಮುಗಿದುಹೋಗಬಹುದಿತ್ತು. ಕರೆನ್ಸಿ ತೀರಬಹುದಿತ್ತು. ಮೆಜೆಸ್ಟಿಕ್ಕಿನ ನೂಕುನುಗ್ಗಲಲ್ಲಿ ಯಾರಾದರೂ ಜೇಬಿಗೆ ಕೈ ಹಾಕಬಹುದಿತ್ತು. ನನಗೆ ಬರಬೇಕಾದ ಮೆಸೇಜು, ಫೋನಿನ ಪಟ್ಟಿಯಲ್ಲಿ ನನ್ನ ಪಕ್ಕದಲ್ಲೇ ಇದ್ದ ಗ್ಯಾಸಿನವರಿಗೆ ಹೋಗಿ, ಅವರು 'ಮೆಜೆಸ್ಟಿಕ್ ತಲುಪಿದೆ' ಎಂಬುದನ್ನು ಓದಿ, ಏನು ಮಾಡಬೇಕೋ ತಿಳಿಯದೆ ಒಂದು ಸಿಲಿಂಡರ್ ಕಳಿಸಿಬಿಡಬಹುದಿತ್ತು. ಬೇಸಿಗೆಯಾದರೇನು, ಮಳೆ ಬಂದು ಗುಂಡಿಗಳ ಸಂದಿಗೆ ನೀರಿಳಿಯಬಹುದಿತ್ತು. ಮಾವನ ಸಕ್ಕರೆ ಇಳಿಯಬಹುದಿತ್ತು. ಅದಕ್ಕೆಂದು ಅವರ ಜೇಬಿನಲ್ಲಿ ನಾನಿಟ್ಟಿದ್ದ ಚಾಕೊಲೇಟ್ ಕರಗಿ ಫೋನಿಗೆ ಅಂಟಬಹುದಿತ್ತು. ಹಿಂದಿನಿಂದ ಒಂದು ಲಾರಿ ಹಾರನ್ ಹೊಡೆಯುತ್ತಾ ಬರಬಹುದಿತ್ತು. ಆದರೆ ಅದನ್ನು ಮಾತ್ರ ನಾನು ಬರೆಯಲಿಲ್ಲ. ಪೆನ್ನು ಅಲ್ಲಿಗೆ ಬಂದು ನಿಂತುಬಿಟ್ಟಿತು.

ಇವನ್ನೆಲ್ಲ ಬರೆದದ್ದು ಶುಕ್ರವಾರ ಮಧ್ಯಾಹ್ನ, ಕೆಲಸದ ಹೊತ್ತಿನಲ್ಲಿ, ಫ್ಯಾಕ್ಟರಿಯ ಡೈರಿಯ ಹಿಂದಿನ ಪುಟಗಳಲ್ಲಿ. ಪೀಣ್ಯದಲ್ಲಿ ನನ್ನದು ಇನ್‌ಸ್ಪೆಕ್ಷನ್ ಕೆಲಸ. ಚೆನ್ನಾಗಿ ತಯಾರಾಗಿ ಬಂದ ಮಾಲಿನಲ್ಲಿ ಕೆಟ್ಟದ್ದು ಎಲ್ಲಿ ಅಡಗಿದೆ ಎಂದು ಹುಡುಕುವುದಕ್ಕೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದನ್ನೇ ಸಂಬಳವಿಲ್ಲದೆ ಮಾಡುತ್ತೇನೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಇದನ್ನು ಜವಾಬ್ದಾರಿ ಎಂದು ತಪ್ಪು ತಿಳಿದಿದ್ದಳು.

ವಿಷಯ ಇಷ್ಟೇ. ಮರುದಿನ, ಶನಿವಾರ, ಎರಡೂ ಕಿವಿ ಕೇಳದ ನನ್ನ ಮಾವ ಬಾಗಲಗುಂಟೆಯ ನಮ್ಮ ಮನೆಯಿಂದ ಬೊಮ್ಮಸಂದ್ರದ ಒಂದು ಪ್ರೆಸ್ ಶಾಪಿಗೆ, ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸಿ, ಒಬ್ಬರೇ ಹೋಗಬೇಕಿತ್ತು. ಹತ್ತಿದ ಕಡೆ, ಇಳಿದ ಕಡೆ, ಮತ್ತೆ ಹತ್ತಿದ ಕಡೆ, ತಲುಪಿದ ಮೇಲೆ, ಒಂದೊಂದು ಮೆಸೇಜು ನಮಗೆ ಬರಬೇಕು. ಒಂದು ತಪ್ಪಿದರೂ ಇನ್ನು ಮುಂದೆ ಅವರು ಒಬ್ಬರೇ ಗೇಟು ದಾಟುವ ಹಾಗಿಲ್ಲ. ಇದು ನನ್ನ ಹೆಂಡತಿ ಹಾಕಿದ ಷರತ್ತು. ಮಾವ ಒಪ್ಪಿದ್ದರು. ಒಪ್ಪದೆ ವಿಧಿಯಿರಲಿಲ್ಲ.

ನಾನು ಮನೆ ಅಳಿಯ. ಹೇಳಿಕೊಳ್ಳುವುದಕ್ಕೆ ಈಗ ಸಂಕೋಚ ಕಡಿಮೆಯಾಗಿದೆ. ಅತ್ತೆ ತೀರಿಕೊಂಡ ಮೇಲೆ ಮಾವ ಒಬ್ಬರೇ ಆಗುತ್ತಾರೆ ಎಂದು ನಾವು ಅವರ ಮನೆಗೆ ಬಂದೆವು. ಅಸಲು ಕಾರಣ, ನಾವಿದ್ದ ಬಾಡಿಗೆ ಮನೆಯ ಮಹಡಿ ಮೆಟ್ಟಿಲಿಗೆ ಕಂಬಿ ಇಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ ಎಂಬುದು. ಮಾವ ಇಲ್ಲೇ ಹುಟ್ಟಿದವರು. ಊರಿನ ಹೊಲಗಳೆಲ್ಲ ಇಂಡಸ್ಟ್ರಿಯಲ್ ಏರಿಯಾ ಆದಾಗ, ತಮ್ಮ ರಾಗಿ ಹೊಲ ಇದ್ದ ಜಾಗಕ್ಕೆ ಒಂದೇ ಫರ್ಲಾಂಗು ದೂರದ ಪ್ರೆಸ್ ಶಾಪಿನಲ್ಲಿ ಹೆಲ್ಪರ್ ಆಗಿ ಸೇರಿ, ಪ್ರೆಸ್ಸಿಗೆ ಅಚ್ಚು ಕೂರಿಸುವ ಡೈ ಸೆಟ್ಟರ್ ಆಗಿ ರಿಟೈರ್ ಆದರು. ತಗಡು ಒತ್ತಿ ಆಕಾರ ತೆಗೆಯುವ ಆ ದೊಡ್ಡ ಯಂತ್ರಗಳ ಮಧ್ಯೆ ನಿಂತು ನಿಂತು ಕಿವಿ ಹೋಯಿತು. ಎಡಗೈಯ ತೋರುಬೆರಳಿನ ಎರಡು ಗೆಣ್ಣು ಅದಕ್ಕೂ ಮೊದಲೇ ಹೋಗಿತ್ತು. ಉಳಿದ ಮೊಂಡನ್ನು ಅವರು ಯಾರಿಗೂ ತೋರಿಸುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಎಡಗೈ ಸದಾ ಜೇಬಿನಲ್ಲಿ. ನಮ್ಮ ಮದುವೆಯ ಫೋಟೋಗಳಲ್ಲೂ ಹಾಗೆಯೇ ನಿಂತಿದ್ದಾರೆ. ಏನೋ ಹುಡುಕುತ್ತಿರುವವರ ಹಾಗೆ.

ಕಿವಿಗೆ ಮೆಷಿನ್ ಕೊಡಿಸಿದ್ದೆವು. ಅದು ಕುಯ್ಯೋ ಎಂದು ಕೂಗುತ್ತಿತ್ತು. "ಇದ್ಕಿಂತ ಪ್ರೆಸ್ಸೇ ವಾಸಿ ಕಣ್ ಅಳಿಮಯ್ಯ, ಅದು ಊಟದ ಒತ್ತಿಗಾದ್ರೂ ನಿಲ್ತಿತ್ತು" ಎಂದು ಅದನ್ನು ಕಪಾಟಿನಲ್ಲಿ ಅತ್ತೆಯ ಕುಂಕುಮದ ಡಬ್ಬಿಯ ಪಕ್ಕಕ್ಕಿಟ್ಟರು. ಆಮೇಲೆ ನಾವು ಕೂಗಲು ಶುರುಮಾಡಿದೆವು. ಎದುರು ಮನೆಗೆ ಹೊಸದಾಗಿ ಬಂದವರು ಒಮ್ಮೆ ಗೇಟಿನ ಹತ್ತಿರ ಬಂದು, "ಏನೂ ತೊಂದ್ರೆ ಇಲ್ಲ ಅಲ್ವಾ ಸಾರ್?" ಎಂದು ಕೇಳಿದರು. ಒಳಗೆ ನಡೆಯುತ್ತಿದ್ದದ್ದು ಉಪ್ಪಿಟ್ಟು ಬೇಕೋ ಬೇಡವೋ ಎಂಬ ವಿಚಾರಣೆ.

ಕೂಗುವುದರಲ್ಲಿ ಒಂದು ಕಷ್ಟ ಇದೆ. ಎಲ್ಲ ಮಾತನ್ನೂ ಕೂಗಲಾಗುವುದಿಲ್ಲ. ಊಟ, ಮಾತ್ರೆ, ಬಾಗಿಲು, ಬೇಡ: ಇಂಥವನ್ನು ಕೂಗಬಹುದು. ಉಳಿದವನ್ನು ಜನ ಮೆಲ್ಲಗೆ ಬಿಟ್ಟುಬಿಡುತ್ತಾರೆ. ಎರಡು ಮೂರು ವರ್ಷದಲ್ಲಿ ನಮ್ಮ ಮನೆಯ ಮಾತು ಹತ್ತು ಹನ್ನೆರಡು ಪದಗಳಿಗೆ ಇಳಿದಿತ್ತು, ಅಷ್ಟೂ ಅಪ್ಪಣೆಗಳು.

ಅಷ್ಟರಲ್ಲಿ ನೀರಿನ ಟ್ಯಾಂಕರಿನ ಸಂಗತಿ ಆಯಿತು. ನಮ್ಮ ರಸ್ತೆಯಲ್ಲೇ, ಹಾಲು ತರಲು ಹೋಗಿದ್ದ ಮಾವನ ಹಿಂದೆ ಟ್ಯಾಂಕರಿನವನು ಹಾರನ್ ಹೊಡೆದು ಹೊಡೆದು, ಕೊನೆಗೆ ಬ್ರೇಕು ಒತ್ತಿ, ಬಂಪರು ಅವರ ಬೆನ್ನಿಗೆ ತಾಗಿ ನಿಂತಿತು. ಹಾಲು ಚೆಲ್ಲಿದ್ದು ಬಿಟ್ಟರೆ ಏನೂ ಆಗಲಿಲ್ಲ. ಡ್ರೈವರೇ ಅವರನ್ನು ಕೈಹಿಡಿದು ಮನೆಗೆ ತಂದುಬಿಟ್ಟ. ಅವತ್ತು ನನ್ನ ಹೆಂಡತಿ ಅಪ್ಪನಿಗೆ ಕೂಗಿದ ಒಂದೇ ಮಾತು: "ಇನ್ನು ಸಾಕು!"

ಮಾವ ಜಗಳ ಆಡಲಿಲ್ಲ. ಗೇಟಿನ ಒಳಗಡೆ ಕುರ್ಚಿ ಹಾಕಿಕೊಂಡು ಕೂತರು. ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ತುಮಕೂರು ರಸ್ತೆಯ ಕಡೆಯಿಂದ ಏನಾದರೂ ಭಾರವಾದದ್ದು ನೆಲಕ್ಕೆ ಬಿದ್ದರೆ ಅವರಿಗೆ ಅಂಗಾಲಲ್ಲಿ ಗೊತ್ತಾಗುತ್ತಿತ್ತು. ತಲೆಯೆತ್ತಿ ಆ ಕಡೆ ನೋಡುತ್ತಿದ್ದರು. ಎರಡು ತಿಂಗಳು ಅಷ್ಟೇ. ಗಡ್ಡ ದಿನ ಬಿಟ್ಟು ದಿನ ಕೆರೆಯುತ್ತಿದ್ದವರು ವಾರಕ್ಕೊಮ್ಮೆಗೆ ಬಂದರು. ನನ್ನಂಥ ಚಿಂತೆಗಾರನಿಗೆ ಇದು ನೆಮ್ಮದಿ ತರಬೇಕಿತ್ತು. ಮನುಷ್ಯ ಒಳಗಿದ್ದಾನೆ, ಕ್ಷೇಮವಾಗಿದ್ದಾನೆ. ಆದರೆ ಇನ್‌ಸ್ಪೆಕ್ಷನ್‌ನಲ್ಲಿ ಒಂದು ಮಾತಿದೆ: ಬಳಸದೆ ಇಟ್ಟ ಅಳತೆಯ ಗೇಜೇ ಮೊದಲು ತುಕ್ಕು ಹಿಡಿಯುವುದು.

ಆಗ ಬೊಮ್ಮಸಂದ್ರದಿಂದ ಕರೆ ಬಂತು. ಮಾವ ಇದ್ದ ಪ್ರೆಸ್ ಶಾಪು ಅಲ್ಲಿಗೆ ಸ್ಥಳಾಂತರವಾಗಿತ್ತು. ಹಳೆಯ ಡೈಗಳು ಅಲ್ಲಿನ ಹುಡುಗರ ಕೈಗೆ ಕೂರುತ್ತಿಲ್ಲ, ಶನಿವಾರಕ್ಕೊಮ್ಮೆ ಬಂದು ಕೂರಿಸಿಕೊಡಲಿ ಎಂದು ಯಜಮಾನರು ನನಗೆ ಫೋನ್ ಮಾಡಿದರು. ನಾನು ಒಂದು ಕಾಗದದಲ್ಲಿ ಬರೆದು ಮಾವನಿಗೆ ತೋರಿಸಿದೆ. ಅವರು ಓದಿದರು. ಎದ್ದು ಹೋಗಿ ಗಡ್ಡ ಕೆರೆದುಕೊಂಡು ಬಂದರು.

"ಅಪ್ಪನ್ನ ಅಷ್ಟು ದೂರ ಯಾರು ಕರ್ಕೊಂಡು ಹೋಗ್ತಾರ್ರೀ? ನಿಮಗೆ ಶನಿವಾರ ರಜಾ ಇಲ್ಲ, ನನಗೆ ಟ್ಯೂಷನ್ ಮಕ್ಕಳು" ಎಂದಳು ಹೆಂಡತಿ.

"ಒಬ್ರೇ ಹೋದ್ರೆ?" ಎಂದು ಕೇಳಿದವನು ನಾನೇ. ಇವತ್ತಿಗೂ ನನಗೆ ಆಶ್ಚರ್ಯ.

"ಹೋಗಿ ಎಲ್ಲಿದಾರೆ, ಹೇಗಿದಾರೆ ಅಂತ ನಮಗೆ ಹೇಗೆ ಗೊತ್ತಾಗತ್ತೆ? ಫೋನ್ ಮಾಡಿದ್ರೆ ಕೇಳತ್ತಾ?"

ಮೆಸೇಜು ಎಂಬ ಯೋಚನೆ ಹುಟ್ಟಿದ್ದು ಹೀಗೆ. ಆಗ ಟಚ್ ಫೋನುಗಳು ಎಲ್ಲರ ಕೈಗೂ ಬರಲು ಶುರುವಾಗಿದ್ದ ಕಾಲ. ನೆಂಟರ ಹುಡುಗಿಯೊಬ್ಬಳು ತನ್ನ ಹೊಸ ಫೋನನ್ನು ಮಾವನ ಕೈಗೆ ಕೊಟ್ಟಳು. ಮಾವ ಬಲಗೈಯ ತೋರುಬೆರಳಿಂದ ಮುಟ್ಟಿದರು. ಏನೂ ಆಗಲಿಲ್ಲ. ಒತ್ತಿದರು. ಏನೂ ಆಗಲಿಲ್ಲ. ನಲವತ್ತು ವರ್ಷ ಕಬ್ಬಿಣ ಹಿಡಿದ ಬೆರಳು. ತುದಿಯ ಚರ್ಮ ಚಪ್ಪಲಿಯ ಅಟ್ಟೆಯ ಹಾಗೆ ದಪ್ಪ. ಗಾಜಿಗೆ ಅದು ಬೆರಳೆಂದೇ ಅನ್ನಿಸಲಿಲ್ಲ. ಅವಳು ತೋರಿಸಿದರೆ ಜಾರುತ್ತದೆ, ತೆರೆಯುತ್ತದೆ, ಕುಣಿಯುತ್ತದೆ. ಮಾವ ಮುಟ್ಟಿದರೆ ಕಲ್ಲು.

"ಇದು ನನ್ ಬೆರಳ್ನ ಬೆರಳು ಅಂತ ಒಪ್ಕೊಳ್ಳಾಕಿಲ್ಲ ಕಣವ್ವ" ಎಂದು ನಗುತ್ತಾ ವಾಪಸು ಕೊಟ್ಟರು. ನಗು ತುಟಿಯ ತನಕ ಮಾತ್ರ ಬಂದಿತ್ತು.

ಮೂರು ವಾರ ನಾನು ಸಂಶೋಧನೆ ಮಾಡಿದೆ. ಸಹೋದ್ಯೋಗಿಗಳು ಕ್ಯಾಂಟೀನಿನಲ್ಲಿ ನನ್ನ ಮೇಜು ಬಿಟ್ಟು ಬೇರೆ ಕಡೆ ಕೂರತೊಡಗಿದರು. ಕೊನೆಗೆ ಜಾಲಹಳ್ಳಿ ಕ್ರಾಸಿನ ಮೊಬೈಲ್ ಅಂಗಡಿಗೆ ಮಾವನನ್ನೇ ಕರೆದುಕೊಂಡು ಹೋದೆ.

"ಪೂರ್ತಿ ಗುಂಡಿ ಇರೋ ಸ್ಮಾರ್ಟ್‌ಫೋನು ಬೇಕು. ಎ ಇಂದ ಜೆಡ್‌ವರೆಗೂ ಬೇರೆಬೇರೆ ಗುಂಡಿ. ಕಮ್ಮಿ ರೇಟಿಂದು."

ಅಂಗಡಿಯವನು ಮರುಕದಿಂದ ನೋಡಿದ. "ಗುರು, ಅದೆಲ್ಲಾ ಈಗ ಯಾರೂ ತಗೊಳಲ್ಲ. ಟಚ್ ನೋಡಿ, ಸಕ್ಕತ್ತಾಗಿದೆ."

"ಇವರಿಗೆ ಟಚ್ ಆಗಲ್ಲ."

"ಆಗ್ದೆ ಏನು, ಎರಡು ದಿನ ಹಿಡೀತದೆ ಅಷ್ಟೆ."

ಮಾವನಿಗೆ ಕೇಳದಿದ್ದರೂ ಮುಖ ಓದಲು ಬರುತ್ತದೆ. ಬಲಗೈ ಬೆರಳನ್ನು ಅವನ ಗಾಜಿನ ಕೌಂಟರಿನ ಮೇಲೆ ಟಕ್ ಎಂದು ಕುಟ್ಟಿದರು. ನಾಣ್ಯ ಬಿದ್ದ ಹಾಗೆ ಸದ್ದಾಯಿತು. ಅಂಗಡಿಯವನು ಎದ್ದು, ಸ್ಟೂಲು ಹತ್ತಿ, ಮೇಲಿನ ಗೂಡಿನಿಂದ ಧೂಳು ಹಿಡಿದ ಒಂದು ಡಬ್ಬಿ ಇಳಿಸಿದ. ಕಂಪನಿಯ ಹೆಸರು ನಾನು ಕೇಳಿರಲಿಲ್ಲ; ಆಮೇಲೆ ಬೇರೆ ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಹೇಳಿಕೊಳ್ಳುವಂಥ ಚೆಲುವಿನ ಫೋನೇನಲ್ಲ. ಮೇಲೆ ಬೆಂಕಿಪೊಟ್ಟಣದಗಲದ ಪರದೆ, ಕೆಳಗೆ ನಾಲ್ಕು ಸಾಲು ಗುಂಡಿ, ಕಬ್ಬಿಣದಂತೆ ಕಾಣಲು ಬಳಿದ ಬೂದು ಬಣ್ಣ. ಕ್ಯಾಮೆರಾದಲ್ಲಿ ತೆಗೆದರೆ ಎಲ್ಲರೂ ಹೊಗೆಯಲ್ಲಿ ನಿಂತ ಹಾಗೆ ಕಾಣುತ್ತಿದ್ದೆವು. ಇಂಟರ್ನೆಟ್ಟು ಇದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಒಂದು ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡಲು ಒಂದು ಉಸಿರಿನಷ್ಟು ಹೊತ್ತು ಬೇಕು. ಆದರೆ ಗುಂಡಿಗಳನ್ನು ಮಾಡಿದವನು ಯಾರೋ ಪುಣ್ಯಾತ್ಮ. ಒಂದೊಂದರ ನಡುವೆಯೂ ಚಿಕ್ಕ ಕಣಿವೆ, ನಡುವಿನಲ್ಲಿ ಚೂರು ಉಬ್ಬು, ಒತ್ತಿದರೆ ಒಳಗೆಲ್ಲೋ ತಟ್ಟಿದ ಅನುಭವ ಬೆರಳಿಗೆ ಸ್ಪಷ್ಟವಾಗಿ ಬರುತ್ತಿತ್ತು. ಗುಂಡಿಗಳು ಮಾತ್ರ ನನ್ನ ಲೆಕ್ಕದಲ್ಲಿ ಪಾಸು.

ಆದರೆ ಮಾವನ ದಪ್ಪ ಬೆರಳು ಒಂದು ಗುಂಡಿ ಒತ್ತಲು ಹೋದರೆ ಮೂರನ್ನು ಒತ್ತುತ್ತಿತ್ತು. ಒಂದು ವಾರ ಅವರು ಅದನ್ನು ಫೋನೆಂದೇ ತಿಳಿಯಲಿಲ್ಲ, ಪ್ರೆಸ್ ಶಾಪಿನಲ್ಲಿ ಕೈಗೆ ಬಂದ ಒಂದು ಜಾಬು ಎಂದುಕೊಂಡರು. ತಮ್ಮ ಹಳೆಯ ಪೆಟ್ಟಿಗೆಯಿಂದ, ಎರಡು ಲೋಹದ ಮುಖ ಎಲ್ಲಿ ತಾಗುತ್ತವೆಂದು ನೋಡಲು ಬಳಸುವ ನೀಲಿ ಮಸಿ ತೆಗೆದರು. ಅದನ್ನು ಬೆರಳಿಗೆ ಬಳಿದು, ಒತ್ತಿ, ಗುಂಡಿಯ ಮೇಲೆ ನೀಲಿ ಎಲ್ಲಿ ಹತ್ತಿತೆಂದು ಕನ್ನಡಕ ಏರಿಸಿ ನೋಡಿದರು. ಬಲಗೈಯ ಐದೂ ಬೆರಳು ಫೇಲು. ಬಾಗಿಲ ಚಿಲಕ, ಲೋಟ, ಲೈಟಿನ ಸ್ವಿಚ್ಚು, ನನ್ನ ಬಿಳಿ ಶರ್ಟು, ಎಲ್ಲದರ ಮೇಲೂ ನೀಲಿ. ಸಣ್ಣ ಅರ ತಗೊಂಡು ಗುಂಡಿಗಳ ಅಂಚು ಉಜ್ಜಲು ಕೂತದ್ದನ್ನು ನೋಡಿ ನಾನು "ಮಾವಾ, ವಾರಂಟೀ!" ಎಂದು ಕೂಗಿದೆ. ಎದುರು ಮನೆಯ ಕಿಟಕಿ ತೆರೆಯಿತು.

ಒಂದು ಭಾನುವಾರ ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದೆ. ಮಾವ ಕುರ್ಚಿಯಲ್ಲಿ ನನಗೆ ಅರ್ಧ ಬೆನ್ನು ಮಾಡಿ ಕೂತಿದ್ದರು. ಎಡಗೈ ಜೇಬಿನಿಂದ ಹೊರಗೆ ಬಂದಿತ್ತು. ತೋರುಬೆರಳಿನ ಮೊಂಡು ತುದಿಯಲ್ಲಿ ಕೂಡಿಕೊಂಡು ಚೂಪಾಗಿ ವಾಸಿಯಾಗಿತ್ತು. ಅದಕ್ಕೆ ನೀಲಿ ಬಳಿದು, ಒಂದು ಗುಂಡಿ ಒತ್ತಿದರು. ಕನ್ನಡಕ ಏರಿಸಿದರು. ಮತ್ತೊಂದು. ಮತ್ತೊಂದು. ಪ್ರತಿ ಗುಂಡಿಯ ಉಬ್ಬಿನ ಮೇಲೂ ಒಂದೊಂದು ಸಣ್ಣ ನೀಲಿ ಚುಕ್ಕೆ, ಪಕ್ಕಕ್ಕೆ ಚೂರೂ ಹರಡದೆ.

"ಅಳಿಮಯ್ಯಾ!" ಎಂದು ಕರೆದರು. ಬೀದಿಗೆಲ್ಲ ಕೇಳುವ ಹಾಗೆ. ಕೈ ಮರೆಮಾಡದೆ ಎತ್ತಿ ತೋರಿಸಿದರು. "ಮೂವತ್ತು ವರ್ಸ ಬಿಟ್ಟಿ ಕೂತಿತ್ತು ಬಡ್ಡೀಮಗಂದು. ಈಗ ಕೆಲ್ಸಕ್ಕೆ ಬಂತು ನೋಡಿ!"

ಇಂಗ್ಲಿಷ್ ದೊಡ್ಡ ಅಕ್ಷರಗಳು ಅವರಿಗೆ ಗೊತ್ತಿದ್ದವು. ಡೈಗಳ ಮೇಲೆ ನಂಬರು, ಅಕ್ಷರ ಕುಟ್ಟುವ ಉಕ್ಕಿನ ಪಂಚುಗಳನ್ನು ಹಿಡಿದೇ ಕಲಿತದ್ದು. ಅಕ್ಷರಗಳ ಜೋಡಣೆ ಮಾತ್ರ ಹಿಡಿಸಲಿಲ್ಲ. "ಯಾವನೋ ಪಂಚ್ ಡಬ್ಬಿ ಕೆಳಕ್ಕೆ ಚೆಲ್ಬಿಟ್ಟು, ಕೈಗೆ ಸಿಕ್ಕಂಗೆ ಜೋಡ್ಸವ್ನೆ" ಎಂದು ಬೈದುಕೊಂಡೇ ಕಲಿತರು. ನಾಲ್ಕನೇ ಕ್ಲಾಸಿನ ಓದು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ಎಲ್ಲ ದೊಡ್ಡಕ್ಷರದಲ್ಲಿ, ಒಂದೊಂದನ್ನೂ ಪಂಚ್ ಕುಟ್ಟಿದ ಹಾಗೆ ಒತ್ತುತ್ತಿದ್ದರು. ಫೋನು ನಿಧಾನವೆಂದು ನಾನು ಬೇಜಾರು ಮಾಡಿಕೊಂಡರೆ ತಲೆ ಅಲ್ಲಾಡಿಸಿದರು. "ನಿದಾನ ಇರೋ ಮಿಸಿನ್ನೇ ಒಳ್ಳೇದು. ಕೈ ತಕ್ಕೊಳ್ಳಾಕೆ ಟೈಮ್ ಕೊಡ್ತದೆ."

ಮೆಸೇಜು ಕಳಿಸಲೆಂದು ತಂದದ್ದು, ಆದರೆ ಅದು ಸ್ಲೇಟಾಯಿತು. ಇದನ್ನು ಯಾರೂ ಯೋಜಿಸಿರಲಿಲ್ಲ. ನಾನೇನೋ ಹೇಳಲು ಬಾಯಿ ತೆರೆದರೆ ಮಾವ ಫೋನನ್ನು ನನ್ನ ಮುಂದೆ ಚಾಚುತ್ತಿದ್ದರು. ಒತ್ತಿ ತೋರಿಸಿದರೆ ಓದಿ, ಬಾಯಲ್ಲಿ ಉತ್ತರ ಹೇಳುತ್ತಿದ್ದರು. ಹಾಲಿನವನು, ಪಕ್ಕದ ಬೀದಿಯ ಕ್ಷೌರದವನು, ಎದುರು ಮನೆಯವರು, ಎಲ್ಲರೂ ಒತ್ತಿದರು. ಮನೆಯಲ್ಲಿ ಕೂಗು ನಿಂತಿತು. ಮೊದಮೊದಲು ಆ ನಿಶ್ಶಬ್ದಕ್ಕೂ ನನಗೆ ಭಯವಾಗುತ್ತಿತ್ತು.

ಬೊಮ್ಮಸಂದ್ರದ ಮಾತು ಮತ್ತೆ ಎದ್ದ ಸಂಜೆ ಮಾವ ಮಗಳ ಮುಂದೆ ಫೋನು ಚಾಚಿದರು. "ಯಾಕ್ ಬ್ಯಾಡ ಅಂತೀಯ? ಒತ್ತಿ ಏಳವ್ವ."

ಅವಳು ಬಹಳ ಹೊತ್ತು ಒತ್ತಿದಳು. ಅಳಿಸಿದಳು, ಮತ್ತೆ ಒತ್ತಿದಳು. ನಾನು ಹೆಗಲ ಮೇಲಿಂದ ಇಣುಕಿದೆ, ನಾಚಿಕೆಯಿಲ್ಲದೆ. ಬರೆದದ್ದು ಇಷ್ಟು: 'ಅಪ್ಪಾ, ಟ್ಯಾಂಕರ್ ದಿನದಿಂದ ನಂಗೆ ನಿದ್ದೆ ಬರ್ತಿಲ್ಲ. ನಿಮಗೆ ಬೈದೆ. ಬೈಬೇಕು ಅಂತ ಇರ್ಲಿಲ್ಲ. ಭಯ ಆಗಿತ್ತು.'

ಮಾವ ಎರಡು ಸಲ ಓದಿದರು. ಇದನ್ನು ಯಾರು ಹೇಗೆ ಕೂಗಿಯಾರು? ಅವರು ಮಗಳ ತಲೆಯ ಮೇಲೆ ಎಡಗೈಯನ್ನೇ ಇಟ್ಟರು. ಅವಳಿಗೆ ಆ ಕೈ ತಾಗಿ ಎಷ್ಟು ವರ್ಷವಾಗಿತ್ತೋ, ಮುಖ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, ಷರತ್ತು ಹೇಳಿದಳು. ಪ್ರತಿ ಕಡೆಯಿಂದ ಮೆಸೇಜು. ಒಂದು ತಪ್ಪಿದರೆ ಅಲ್ಲಿಗೆ ಮುಗೀತು.

ಮಾವ ತಮ್ಮದೊಂದು ಷರತ್ತು ಸೇರಿಸಿದರು. ಫೋನು ಈಗ ನನ್ನ ಕಡೆ ಚಾಚಿತು. "ಇಂದ್ಗುಂಟ ಬರಾಕಿಲ್ಲ ಅಂತ ಒತ್ತಿ."

"ನಾನ್ಯಾಕೆ ಮಾವ..."

"ಒತ್ತಿ ಅಳಿಮಯ್ಯ. ನಿಮ್ಮನ್ನ ನಾನ್ ನೋಡಿಲ್ವಾ?"

'ಹಿಂದೆ ಬರಲ್ಲ' ಎಂದು ಒತ್ತಿದೆ.

ಶನಿವಾರ ಬೆಳಿಗ್ಗೆ ಫ್ಯಾಕ್ಟರಿಗೆ ಹೊಟ್ಟೆನೋವೆಂದು ಹೇಳಿ, ತಲೆಗೆ ಮಂಕಿ ಕ್ಯಾಪ್ ಹಾಕಿಕೊಂಡು ಅವರ ಹಿಂದೆ ಹೊರಟೆ.

ಕಡು ಬೇಸಿಗೆಯಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡವನು ಮರೆಯಾಗುವುದಿಲ್ಲ, ಬಾವುಟದಂತೆ ಕಾಣುತ್ತಾನೆ ಎಂಬುದು ಬಸ್ಸು ಹತ್ತಿದ ಮೇಲೆ ಹೊಳೆಯಿತು. ಮಾವ ಮುಂದೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಂಕುಳಲ್ಲಿ ಟಿಫನ್ ಬಾಕ್ಸಿನ ಚೀಲ. ಬಾಗಲಗುಂಟೆ ದಾಟುವ ಮೊದಲೇ ನನ್ನ ಫೋನು ಜೇಬಿನಲ್ಲಿ ಅದುರಿತು: 'ಹತ್ತಿದೆ. ಸೀಟು ಸಿಕ್ಕಿತು.' ಆರು ಸೀಟು ಹಿಂದೆ ಕೂತು, ಅವರ ಮೊಣಕೈ ಅಲ್ಲಾಡುವುದನ್ನು ನೋಡುತ್ತಾ, ಅವರ ಮೆಸೇಜನ್ನು ಓದಿದೆ. ಮನೆಯಲ್ಲಿ ಹೆಂಡತಿಗೂ ಬಂದಿರುತ್ತದೆ.

ಮೆಜೆಸ್ಟಿಕ್ಕಿನಲ್ಲಿ ಇಳಿದು ನಿಂತಲ್ಲೇ 'ಇಳಿದೆ' ಎಂದು ಒತ್ತಿದರು. ಟ್ಯಾಂಕರಿನ ದಿನದಿಂದ ಅವರಿಗೊಂದು ಅಭ್ಯಾಸ ಬಂದಿತ್ತು: ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುವುದು. ಕಿವಿ ಇಲ್ಲದವರ ಎಚ್ಚರ ಅದು. ಅವರು ತಿರುಗಿದಾಗಲೆಲ್ಲ ನಾನು ಕಂಬದ ಹಿಂದೆ, ಕಡಲೆಕಾಯಿ ಗಾಡಿಯ ಹಿಂದೆ, ಒಮ್ಮೆ ದಪ್ಪನೆಯ ಪೊಲೀಸರೊಬ್ಬರ ಹಿಂದೆ. "ಏನ್ರೀ ಅದು?" ಎಂದರು ಪೊಲೀಸರು. "ಬಿಸಿಲು ಸಾರ್" ಎಂದೆ, ಮಂಕಿ ಕ್ಯಾಪಿನೊಳಗಿಂದ.

ಪ್ಲಾಟ್‌ಫಾರಂ ಮೇಲೆ ಮಾವ, "ಬೊಮ್ಮಸಂದ್ರದ ಮೇಲೋಗೋ ಅತ್ತಿಬೆಲೆ ಬಸ್ಸು ಎಲ್ಲಿ ನಿಲ್ತದವ್ವ?" ಎಂದು, ಕೊರಳಿಗೆ ಕಂಪನಿಯ ಕಾರ್ಡು ಹಾಕಿಕೊಂಡಿದ್ದ ಹುಡುಗಿಯೊಬ್ಬಳನ್ನು ಕೇಳಿದರು. ತಮ್ಮ ಧ್ವನಿ ತಮಗೆ ಕೇಳದ್ದರಿಂದ ಇಡೀ ಪ್ಲಾಟ್‌ಫಾರಂ ತಿರುಗಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನು ಚಾಚಿದರು. ಅವಳಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ಆಮೇಲೆ ಎರಡೂ ಹೆಬ್ಬೆರಳಿನಲ್ಲಿ ಪಟಪಟ ಒತ್ತಿದಳು. ಫೋನು ಅವಳ ವೇಗಕ್ಕೆ ಏದುಸಿರು ಬಿಡುತ್ತಾ ಹಿಂದೆ ಉಳಿಯಿತು. ಇಬ್ಬರೂ ತಲೆ ಬಗ್ಗಿಸಿ, ಅಕ್ಷರಗಳು ಒಂದೊಂದಾಗಿ ಬರುವುದನ್ನು ಕಾಯುತ್ತಾ ನಿಂತರು. ಓದಿ ಮುಗಿಸಿ ಮಾವ ಏನೋ ಅಂದರು, ಅವಳು ಜೋರಾಗಿ ನಕ್ಕಳು. ಅವರನ್ನು ನೋಡಿ ಹೊರಗಿನವರೊಬ್ಬರು ನಕ್ಕದ್ದನ್ನು ನಾನು ಎಷ್ಟೋ ಕಾಲದಿಂದ ಕಂಡಿರಲಿಲ್ಲ.

'ಅತ್ತಿಬೆಲೆ ಬಸ್ಸು ಹತ್ತಿದೆ.'

ಅದೇ ಬಸ್ಸಿನ ಹಿಂಬಾಗಿಲಿನಿಂದ ನಾನೂ ಹತ್ತಿದ್ದೆ. ಇಲ್ಲಿಗೆ ನಾನು ಇಳಿದು ಮನೆಗೆ ಹೋಗಬಹುದಿತ್ತು. ಹೋಗಬೇಕಿತ್ತು. ಆದರೆ ಎಲೆಕ್ಟ್ರಾನಿಕ್ ಸಿಟಿ ದಾಟಿ ಹೆಬ್ಬಗೋಡಿ ಬಂದಾಗ ಹೊಸದೊಂದು ಚಿಂತೆ ಹುಟ್ಟಿತು. ಆ ಕಡೆ ಎಲ್ಲ ಫ್ಯಾಕ್ಟರಿ ಗೋಡೆಗಳೂ ಒಂದೇ ಥರ. ಕಂಡಕ್ಟರ್ ಕೂಗುವ ಸ್ಟಾಪಿನ ಹೆಸರು ಮಾವನಿಗೆ ಕೇಳುವುದಿಲ್ಲ. ಕಂಡಕ್ಟರನ್ನು ಹತ್ತಿರ ಕರೆದು ಪಿಸುಗುಟ್ಟಿದೆ: "ಅಣ್ಣ, ಮುಂದೆ ಬಿಳಿ ಶರ್ಟಿನವರು ನಮ್ಮ ಮಾವ. ಕಿವಿ ಕೇಳಲ್ಲ. ಬೊಮ್ಮಸಂದ್ರ ಬಂದಾಗ ಸ್ವಲ್ಪ ಹೇಳ್ಬಿಡಿ. ನಾನು ಹೇಳ್ದೆ ಅಂತ ಹೇಳ್ಬೇಡಿ."

"ಕಿವಿ ಕೇಳ್ದೆ ಇರೋರಿಗೆ ಹೆಂಗ್ ಸಾರ್ ಹೇಳೋದು?"

"ಅವರು ಫೋನ್ ಕೊಡ್ತಾರೆ. ಅದರಲ್ಲಿ ಒತ್ತಿ."

ಒಳ್ಳೆಯ ಮನುಷ್ಯ. ಟಿಕೆಟ್ ಮೆಷಿನನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋಗಿ ಮಾವನ ಭುಜ ತಟ್ಟಿದರು. ಮಾವ ಫೋನು ಚಾಚಿದರು. ಕ್ಷಣದ ಕೆಲಸ ಎಂದುಕೊಂಡಿದ್ದೆ. ಆದರೆ ಕಂಡಕ್ಟರ್ ಒತ್ತಿದರು, ಒತ್ತಿದರು, ಬಹಳ ಶ್ರದ್ಧೆಯಿಂದ, ಬಸ್ಸು ಕುಲುಕಿದಾಗ ನಿಲ್ಲಿಸಿ, ಮತ್ತೆ ಒತ್ತಿದರು. ಊರಿನ ಹೆಸರು ಇಷ್ಟು ಉದ್ದ ಇಲ್ಲವಲ್ಲ ಎಂದು ನನ್ನ ಹೊಟ್ಟೆ ನಿಜವಾಗಿಯೇ ನೋಯತೊಡಗಿತು. ಮಾವ ಓದಿದರು. ತಿರುಗಲಿಲ್ಲ. ಹತ್ತು ಹೆಜ್ಜೆಗೊಮ್ಮೆ ತಿರುಗುವ ಮನುಷ್ಯ ಕತ್ತನ್ನು ಚೂರೂ ಅಲ್ಲಾಡಿಸಲಿಲ್ಲ. ಎಡ ಮೊಣಕೈ ಮಾತ್ರ ನಿಧಾನವಾಗಿ ಆಡತೊಡಗಿತು.

ನನ್ನ ಜೇಬು ಅದುರಿತು.

'ಹಿಂದುಗಡೆ ಯಾರೋ ಒಬ್ಬರು ಬಹಳ ಭಯ ಪಡುತ್ತಾ ಕೂತಿದ್ದಾರಂತೆ. ಪಾಪ. ನೀವಂತೂ ಅಲ್ಲ ಬಿಡಿ. ನೀವು ಮಾತು ಕೊಟ್ಟಿದ್ದೀರಿ.'

ಬೊಮ್ಮಸಂದ್ರ ಬಂತು. ಮಾವ ಸ್ಟಾಪಿಗೆ ಮೊದಲೇ ಎದ್ದು ನಿಂತಿದ್ದರು. ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನನಗೂ ಟಿಕೆಟ್ ಅಲ್ಲಿಗೇ. ಆದರೆ ಹೇಗೆ ಇಳಿಯಲಿ? ಇಳಿದರೆ ಅವರು ಒಬ್ಬರೇ ಬಂದ ಹಾಗಾಗುವುದಿಲ್ಲ. ಸೀಟಿನಲ್ಲಿ ಆದಷ್ಟು ಕೆಳಗೆ ಜಾರಿ ಕೂತೆ. ಬಸ್ಸು ಹೊರಟಾಗ ಕಿಟಕಿಯ ಮೂಲೆಯಿಂದ ನೋಡಿದೆ. ಶಿಫ್ಟಿಗೆ ಹೊರಟವರ ಗುಂಪೊಂದು ರಸ್ತೆ ದಾಟಲು ನಿಂತಿತ್ತು. ಮಾವ ಅವರ ನಡುವೆ ನಿಂತು ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಹಿಂದೆ ನೋಡಿದರು, ಎಲ್ಲರ ಜೊತೆ ದಾಟಿದರು. ಎಡಗೈಯಲ್ಲಿ ಫೋನು, ಹೊರಗೆ, ಬಿಸಿಲಿನಲ್ಲಿ.

ಆಮೇಲೆ ಎರಡು ವರ್ಷ, ಮಂಡಿ ನೋವು ಬರುವ ತನಕ, ಪ್ರತಿ ಶನಿವಾರ ಅವರು ಹಾಗೆಯೇ ಹೋಗಿಬಂದರು. ಡೈ ಕೂತಿದೆಯೋ ಇಲ್ಲವೋ ಎಂಬುದನ್ನು ಪ್ರೆಸ್ಸಿನ ಮೈಗೆ ಅಂಗೈ ಇಟ್ಟೇ ಹೇಳುತ್ತಿದ್ದರಂತೆ. ಕಿವಿ ಬೇಕಾಗಲೇ ಇಲ್ಲವಂತೆ. ಒಂದು ಮೆಸೇಜೂ ತಪ್ಪಲಿಲ್ಲ. ಬ್ಯಾಟರಿ ಮೂರು ದಿನ ಬರುತ್ತಿತ್ತು.

ಆ ಮೊದಲ ಶನಿವಾರ ಆದ ಎಡವಟ್ಟು ಒಂದೇ. ಚಂದಾಪುರವೂ ದಾಟಿ ಅತ್ತಿಬೆಲೆಗೆ ಸ್ವಲ್ಪ ಮುಂಚೆ, 'ತಲುಪಿದೆ. ಟೀ ಕೊಟ್ಟರು' ಎಂಬ ಮೆಸೇಜನ್ನು ನಾನು ಮೂರನೇ ಸಲ ಓದುತ್ತಿದ್ದಾಗ, ಟಿಕೆಟ್ ತಪಾಸಣೆಯವರು ಬಸ್ಸು ಹತ್ತಿದರು. ನನ್ನ ಟಿಕೆಟನ್ನು ತಿರುಗಿಸಿ ನೋಡಿದರು.

"ಬೊಮ್ಮಸಂದ್ರದ ಟಿಕೆಟ್ ಇದು. ಅದು ಆಗ್ಲೇ ಹಿಂದೆ ಹೋಯ್ತಲ್ಲ ಸಾರ್. ಯಾಕೆ ಇಳೀಲಿಲ್ಲ?"

"ಇಳಿಯೋ ಹಾಗಿರ್ಲಿಲ್ಲ."

"ಯಾಕೆ, ರಶ್ ಇತ್ತಾ?" ಬಸ್ಸಿನಲ್ಲಿ ಒಂಬತ್ತು ಜನ ಇದ್ದೆವು.

"ಇಲ್ಲ ಸಾರ್. ನಾನು ಈ ಬಸ್ಸಲ್ಲಿ ಬಂದೇ ಇಲ್ಲ, ಅದಕ್ಕೆ."

ಅವರು ನನ್ನನ್ನು ಮಂಕಿ ಕ್ಯಾಪಿನಿಂದ ಚಪ್ಪಲಿಯವರೆಗೆ ನೋಡಿದರು. ಕಂಡಕ್ಟರ್ ಕಿಟಕಿಯ ಕಡೆ ತಿರುಗಿಕೊಂಡಿದ್ದರು, ಭುಜ ಕುಲುಕುತ್ತಿತ್ತು.

"ಬರದೆ ಇದ್ರೂ ದಂಡ ಕಟ್ಬೇಕು ಸಾರ್" ಎಂದು ರಸೀತಿ ಪುಸ್ತಕ ತೆಗೆದರು.